ಮೊದಲ ತಪ್ಪಿಗೆ ಮಾಫಿ

ಫೆಬ್ರವರಿ 4, ಮಂಗಳವಾರ

ಮಗನ ವಿಚಾರಣೆ ಇವತ್ತು ಮುಗಿಯಿತು. ಅಂಗಡಿಯ ವ್ಯಾನನ್ನು ಹಿಂದಕ್ಕೆ ತೆಗೆಯುವಾಗ ಗೋದಾಮಿನ ಗೋಡೆಗೆ ಗುದ್ದಿಸಿದ್ದಾನೆ. ಕೇಳಿದರೆ ಗೋಡೆಯೇ ನಡೆದು ಬಂದ ಹಾಗೆ ಮಾತಾಡುತ್ತಾನೆ. ಊಟದ ಮೇಜಿನ ತುದಿಯಲ್ಲಿ ನಿಲ್ಲಿಸಿದ ಮೇಲೆ ಒಪ್ಪಿಕೊಂಡ. ತಲೆ ನರೆಯಲು ಶುರುವಾದ ಗಂಡಸು.

ನಮ್ಮ ಮನೆಯ ಕಾನೂನು ಗೋಡೆಗೂ ಗೊತ್ತು. ಮೊದಲ ತಪ್ಪಿಗೆ ಎದ್ದು ನಿಂತು ತಪ್ಪಾಯ್ತು ಎಂದರೆ ಮಾಫಿ. ಅದೇ ತಪ್ಪು ಎರಡನೇ ಸಲ ಆದರೆ ಒಂದು ವಾರ ಒಂಟಿ ಊಟ. ಮೂರನೆಯದಕ್ಕೆ ಹೊಸಿಲು ದಾಟಬೇಕು. ಯಜಮಾನರು ಹೋದ ಮೇಲೆ ಬಾಡಿಗೆ ಕುರ್ಚಿಯ ಅಂಗಡಿಯನ್ನೂ ಈ ಮನೆಯನ್ನೂ ಇದೇ ಕಾನೂನಿನಿಂದ ಹಿಡಿದಿಟ್ಟುಕೊಂಡು ಬಂದಿದ್ದೇನೆ. ಮಗನ ವ್ಯಾನು ಮೊದಲ ತಪ್ಪು. ಮಾಫಿ.

ಸಂಜೆ ಮೊಮ್ಮಗಳು ಪಾಠಕ್ಕೆ ಹೋಗುವುದಿಲ್ಲ ಎಂದು ಹಟ ಹಿಡಿದಳು. ನನ್ನ ತಮ್ಮ ಒಂಟಿ ಜೀವ, ನಮ್ಮ ಜೊತೆಗೇ ಇದ್ದು ಗೋದಾಮು ನೋಡಿಕೊಳ್ಳುತ್ತಾನೆ. ಶಾಲೆ ಬಿಟ್ಟ ಮೇಲೆ ಗೋದಾಮಿನ ಮೇಲಿನ ಕೋಣೆಯಲ್ಲಿ ಅವಳಿಗೆ ಗಣಿತ ಹೇಳಿಕೊಡುತ್ತಾನೆ. ಇಂಥ ತಾತ ಎಷ್ಟು ಮಕ್ಕಳಿಗಿದ್ದಾರೆ? ಹೊಟ್ಟೆನೋವು ಎಂದಳು. ಗಣಿತ ಎಂದರೆ ಎಲ್ಲ ಮಕ್ಕಳಿಗೂ ಹೊಟ್ಟೆನೋವೇ. ಹೋಗು ಎಂದೆ. ಹೋದಳು.

ನಿಂತಲ್ಲಿ ನಿಲ್ಲದೆ ಸುತ್ತುತ್ತಾಳೆಂದು ಅವಳಿಗೆ ಗಿರಗಿಟ್ಲೆ ಎಂದು ಹೆಸರಿಟ್ಟವಳು ನಾನೇ. ಈಚೆಗೆ ಕೂತಲ್ಲೇ ಕೂರುತ್ತಾಳೆ. ಬುದ್ಧಿ ಬರುತ್ತಿದೆ.

ಫೆಬ್ರವರಿ 9, ಭಾನುವಾರ

ಸೊಸೆ ಈ ಮನೆಗೆ ಬಂದಾಗಿನಿಂದ ನನ್ನೆದುರು ಕೂತು ಮಾತಾಡಿದವಳಲ್ಲ. ಇವತ್ತು ಹೇಳದೆ ಕೇಳದೆ ಕುರ್ಚಿ ಎಳೆದುಕೊಂಡು ಕೂತಳು. ಗಿರಗಿಟ್ಲೆ ತನಗೆ ಹೇಳಿದ್ದನ್ನು ನನಗೆ ಹೇಳಿದಳು. ಗೋದಾಮಿನ ಕೋಣೆಯಲ್ಲಿ ನನ್ನ ತಮ್ಮ ಆ ಮಗುವನ್ನು ಮುಟ್ಟಬಾರದ ಹಾಗೆ ಮುಟ್ಟುತ್ತಾನಂತೆ. ಇನ್ನೂ ಹೇಳಿದಳು. ಅದನ್ನು ಬರೆಯುವುದಿಲ್ಲ. ನನ್ನ ಪೆನ್ನಿಗೆ ಆ ಅಭ್ಯಾಸವಿಲ್ಲ.

ಪೊಲೀಸರಿಗೆ ತಿಳಿಸೋಣ ಎಂದಳು. ಮನೆಯ ಮಾನವನ್ನು ಬೀದಿಯಲ್ಲಿ ಹರವಬೇಡ, ಈ ಮನೆಯಲ್ಲಿ ಕಾನೂನಿಲ್ಲವೇ ಎಂದೆ. ಮಗ ಅಲ್ಲೇ ಪೇಪರು ಹಿಡಿದು ಕೂತಿದ್ದ. ಬಹಳ ಹೊತ್ತಿನಿಂದ ಒಂದೇ ಪುಟ. "ಅಮ್ಮ ನೋಡ್ಕೋತಾಳೆ ಬಿಡು," ಎಂದು ಪುಟ ತಿರುಗಿಸಿದ. ಪೇಪರು ತಲೆಕೆಳಗಾಗಿತ್ತು.

ನಾಳೆ ವಿಚಾರಣೆ.

ಫೆಬ್ರವರಿ 10, ಸೋಮವಾರ

ತಮ್ಮ ಮಂಡಿನೋವು ಎಂದು ಕೈಯಿರುವ ಕುರ್ಚಿ ಕೇಳಿದ. ಕೊಡಿಸಿದೆ. ಗಿರಗಿಟ್ಲೆಗೆ ಕೈಯಿಲ್ಲದ್ದು ಸಿಕ್ಕಿತು. ಅವಳ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

ತಮ್ಮ ಮೊದಲು ಹಾಗೇನೂ ಇಲ್ಲ ಎಂದ. ಆಮೇಲೆ ಮಗು ತಪ್ಪು ತಿಳಿದಿದೆ ಎಂದ. ಚಿಕ್ಕಂದಿನಿಂದಲೂ ಸುಳ್ಳು ಹೇಳುವಾಗ ಅವನ ಎಡಗಿವಿ ಕೆಂಪಾಗುತ್ತದೆ. ಕೆಂಪಾಗಿತ್ತು. ನಾನು ಸುಮ್ಮನೆ ಕಿವಿಯನ್ನೇ ನೋಡುತ್ತ ಕೂತೆ. ಕೊನೆಗೆ ಅತ್ತ. ಒಂದು ಸಲ ಬುದ್ಧಿ ಕೆಟ್ಟಿತ್ತು ಅಕ್ಕ, ಒಂದೇ ಸಲ ಎಂದ.

ಒಂದೇ ಸಲ ಎಂದರೆ ಮೊದಲ ತಪ್ಪು. ಎದ್ದು ನಿಂತು ತಪ್ಪಾಯ್ತು ಎಂದ. ಮಾಫಿ ಎಂದೆ. ಗಣಿತದ ಪಾಠ ನಿಲ್ಲಿಸಿದೆ. ಅದು ಕಾನೂನಿನಲ್ಲಿಲ್ಲ, ನನ್ನ ವಿವೇಚನೆ. ಗಿರಗಿಟ್ಲೆಗೆ 'ಆಯ್ತು' ಅನ್ನು ಎಂದೆ. ಅವಳು ಮೇಜಿನ ಕೆಳಗೆ ತನ್ನ ಕಾಲನ್ನೇ ನೋಡುತ್ತಿದ್ದಳು. ನಾನು ತೀರ್ಪು ಮುಗಿಸುವ ಮೊದಲೇ ಸೊಸೆ ಅವಳನ್ನು ಎತ್ತಿಕೊಂಡು ಹೊರಟುಹೋದಳು. ಹಿರಿಯರು ಮಾತಾಡುವಾಗ ಎದ್ದು ಹೋಗುವ ಪದ್ಧತಿ ಈ ಮನೆಯಲ್ಲಿಲ್ಲ.

ತಮ್ಮ ಚೆನ್ನಾಗಿ ಊಟ ಮಾಡಿದ. ಎರಡು ಸಲ ಬಡಿಸಿಕೊಂಡ.

ಫೆಬ್ರವರಿ 13

ಅಡುಗೆಯವಳು ಬಿಟ್ಟುಹೋದಳು. ಕಾರಣ ಹೇಳಲಿಲ್ಲ. ಗೋಡೆಗೆ ಕಿವಿಯಿದ್ದರೆ ಅಡುಗೆಮನೆಗೆ ಎರಡಿರುತ್ತವೆ. ಬೇರೆಯವಳು ಬೇಕೆಂದು ನಾಲ್ಕು ಕಡೆ ಹೇಳಿ ಕಳಿಸಿದ್ದೇನೆ.

ಸೊಸೆ ಮತ್ತೆ ಬಂದು ಕೂತಳು. ಈಗ ಅವಳಿಗೆ ಕೂರುವುದು ಅಭ್ಯಾಸವಾಗಿದೆ. ಒಂದು ಸಲವಲ್ಲ ಅತ್ತೆ, ಕಳೆದ ವರ್ಷದ ರಜೆಯಿಂದಲೂ ನಡೆದಿದೆ ಎಂದಳು. ಹಾಗಾದರೆ ಇದು ಮೂರನೆಯದನ್ನೂ ದಾಟಿತು. ತಕ್ಷಣ ಎರಡನೇ ವಿಚಾರಣೆ ಕರೆದೆ.

ತಮ್ಮ ಈ ಸಲ ಅಳಲಿಲ್ಲ. ವಾದ ಮಾಡಿದ. "ಅಕ್ಕ, ನಿನ್ನ ಕಾನೂನಿನಲ್ಲಿ ತೀರ್ಪು ಕೊಟ್ಟ ಮೇಲೆ ಮಾಡಿದರೆ ತಾನೇ ಎರಡನೆಯದು? ಇದೆಲ್ಲ ತೀರ್ಪಿಗೆ ಮುಂಚಿನದು. ಎಲ್ಲ ಸೇರಿ ಒಂದೇ ಮೊದಲ ತಪ್ಪು. ಅದಕ್ಕೆ ಮಾಫಿ ಆಗಿಹೋಗಿದೆ." ಕಿವಿ ಕೆಂಪಾಗಲಿಲ್ಲ. ಎಂದರೆ ಅವನು ಇದನ್ನು ನಿಜವೆಂದೇ ನಂಬಿದ್ದಾನೆ.

ಎಷ್ಟು ತಿರುಗಿಸಿ ನೋಡಿದರೂ ವಾದದಲ್ಲಿ ತೂತು ಸಿಗಲಿಲ್ಲ. ಕಾನೂನು ಮಾಡಿದವಳು ನಾನು, ನಾನೇ ಮೀರಿದರೆ ನಾಳೆ ಯಾರು ಕೇಳುತ್ತಾರೆ? ತೀರ್ಪು ಕಾಯ್ದಿರಿಸಿದ್ದೇನೆ. ಓದಿದ್ದರೆ ಒಳ್ಳೆಯ ವಕೀಲನಾಗುತ್ತಿದ್ದ.

ಫೆಬ್ರವರಿ 14

ತೀರ್ಪು ಇನ್ನೂ ಕಾಯ್ದಿರಿಸಿದೆ. ಗಿರಗಿಟ್ಲೆ ಊಟ ಬಿಟ್ಟಿದ್ದಾಳೆ. ಹಟ.

ಫೆಬ್ರವರಿ 17, ಸೋಮವಾರ

ಬೆಳಿಗ್ಗೆ ಬಾಗಿಲಲ್ಲಿ ಒಬ್ಬಳು ಹೆಂಗಸು. ಸಾದಾ ಬಟ್ಟೆ, ಹೆಗಲಿಗೆ ಚೀಲ, ಮೈಕೈ ಗಟ್ಟಿ. ಅಡುಗೆಗೆ ತಕ್ಕವಳು ಅನ್ನಿಸಿತು. ಬಾಯಿ ತೆರೆಯಲು ಹೋದಳು. ಮಾತು ಆಮೇಲೆ, ಕೈ ಮೊದಲು ಎಂದು ಅಡುಗೆಮನೆಗೆ ಕರೆದುಕೊಂಡು ಹೋಗಿ ಈರುಳ್ಳಿ ಕೊಟ್ಟೆ. ನಾನು ಹೊಸಬರನ್ನು ನೋಡುವುದೇ ಹಾಗೆ. ಒಂದು ಬುಟ್ಟಿ ಈರುಳ್ಳಿ ಹೆಚ್ಚಿಸಿದರೆ ಜಾತಕವೇ ಬೇಡ. ಇವಳು ಕಟ್ಟಿಗೆ ಕಡಿದ ಹಾಗೆ ಹೆಚ್ಚಿದಳು. ನಾನು ಬೈದೆ. ಸುಮ್ಮನೆ ಬೈಸಿಕೊಂಡು ಮತ್ತೆ ಬಾಯಿ ತೆರೆದಳು, ಮತ್ತೆ ತಡೆದೆ. ಇಲ್ಲಿ ಕೆಲಸ ಮಾಡುವವರು ಮನೆಯ ಕಾನೂನು ಪಾಲಿಸಬೇಕು ಎಂದೆ.

"ಕಾನೂನಿನ ವಿಷಯಕ್ಕೇ ಬಂದಿದ್ದೀನಿ ಅಮ್ಮ," ಎಂದು ಕೈ ಒರೆಸಿಕೊಂಡು ಚೀಲದಿಂದ ಕಾರ್ಡು ತೆಗೆದಳು. ಪೊಲೀಸ್ ಇನ್‌ಸ್ಪೆಕ್ಟರ್. ಮಕ್ಕಳ ವಿಷಯಕ್ಕೆ ಬರುವಾಗ ಸಮವಸ್ತ್ರ ಹಾಕಬಾರದಂತೆ, ಮಗು ಹೆದರುತ್ತದಂತೆ. ಮಗು ಹೆದರಲಿಲ್ಲ ಸರಿ, ನನ್ನ ಮರ್ಯಾದೆ ಹೋಯಿತಲ್ಲ.

ಮರ್ಯಾದೆ ಬಿಡಲಿಲ್ಲ. ನೀವು ತಡವಾಗಿ ಬಂದಿರಿ, ವಿಚಾರಣೆ ನಡೆದು ತೀರ್ಪೂ ಆಗಿದೆ ಎಂದು ಎಲ್ಲವನ್ನೂ ಅಚ್ಚುಕಟ್ಟಾಗಿ ಹೇಳಿದೆ. ಒಂದು ತಪ್ಪು ಒಪ್ಪಿಕೊಂಡಿದ್ದು, ಮಾಫಿ, ತಮ್ಮನ ವಾದ, ಕಾಯ್ದಿರಿಸಿದ್ದು. ಅವಳು ಬರೆದುಕೊಂಡಳು. ನನಗೆ ಹೆಮ್ಮೆಯಾಯಿತು. ಆಮೇಲೆ ಅವಳು ಹೇಳಿದಳು:

"ಒಂದು ಸಲವಾದ್ರೂ ಅಪರಾಧವೇ ಅಮ್ಮ. ಮಾಫಿ ಕೊಡೋ ಅಧಿಕಾರ ನಿಮಗೂ ಇಲ್ಲ, ನನಗೂ ಇಲ್ಲ. ಮತ್ತೆ ಮತ್ತೆ ಮಾಡಿದ್ದಕ್ಕೆ ಬೇರೆ ಕಲಂ ಇದೆ, ಶಿಕ್ಷೆ ಜಾಸ್ತಿ. ಮನೆಯವನೇ ಮಾಡಿದ್ರೆ ಇನ್ನೂ ಜಾಸ್ತಿ."

ಮನೆಯವನು ಎಂದರೆ ಸ್ವಲ್ಪ ರಿಯಾಯಿತಿ ಇರಬೇಕಲ್ಲ. ಅವರ ಕಾನೂನಿನಲ್ಲಿ ಎಲ್ಲ ತಿರುಗಾಮುರುಗಾ.

ಗೊತ್ತಿದ್ದೂ ತಿಳಿಸದೆ ಇದ್ದವರಿಗೂ ಒಂದು ಕಲಂ ಇದೆ ಎಂದಳು. ಯಾರು ಹಾಗೆ ಮಾಡಿದ್ದು ಎಂದು ಕೇಳಿದೆ. ಅವಳು ನನ್ನನ್ನೇ ನೋಡಿದಳು. ಅದಕ್ಕೆ ಶಿಕ್ಷೆ ಎಷ್ಟು ಎಂದೆ. ಕೆಲವು ತಿಂಗಳು, ಇಲ್ಲವೇ ದಂಡ. ಇಷ್ಟು ದೊಡ್ಡ ಮನೆಯ ಯಜಮಾನಿಗೆ ಚಿಲ್ಲರೆ ಅಪರಾಧ.

ತಿಳಿಸಿದವಳು ಸೊಸೆ. ತಮ್ಮನನ್ನು ಗೋದಾಮಿನಿಂದಲೇ ಕರೆದುಕೊಂಡು ಹೋದರು. ಹೋಗುವಾಗ ನನ್ನ ಕಡೆ ತಿರುಗಿ, "ಅಕ್ಕ, ಇವರಿಗೆ ನಮ್ಮ ಕಾನೂನು ಹೇಳು," ಎಂದ.

ಫೆಬ್ರವರಿ 18

ಕೇಳದೆ ಪೊಲೀಸರನ್ನು ಕರೆದದ್ದಕ್ಕೆ ಸೊಸೆಯ ಮೇಲೆ ವಿಚಾರಣೆ ಇಟ್ಟೆ. ಸಂಜೆ ಆರಕ್ಕೆ ಎಂದು ಎಲ್ಲರಿಗೂ ಹೇಳಿದ್ದೆ. ಮೇಜಿನ ತಲೆಯಲ್ಲಿ ಕೂತೆ. ಯಾರೂ ಬರಲಿಲ್ಲ. ಸೊಸೆ ಮಗುವಿಗೆ ಸ್ನಾನ ಮಾಡಿಸುತ್ತಿದ್ದಳು. ಮಗ ಬಂದು ಇಣುಕಿ, ಅಮ್ಮ, ಇಬ್ಬರನ್ನೂ ಎದುರು ಹಾಕಿಕೊಳ್ಳಲು ನನ್ನಿಂದಾಗುವುದಿಲ್ಲ ಎಂದು ಹೇಳಿ ಹೋದ. ಇಬ್ಬರು ಎಂದರೆ ನಾನೂ ಅವಳೂ. ನನ್ನ ಸರಿಸಮಕ್ಕೆ ಅವಳು ಯಾವಾಗ ಬಂದಳು?

ಖಾಲಿ ಕುರ್ಚಿಗಳ ಮುಂದೆ ತೀರ್ಪು ಓದುವುದು ಹೇಗೆ? ಮುಂದೂಡಿದೆ.

ಮಾರ್ಚ್ 12

ತಮ್ಮನ ವಕೀಲ ಬಂದಿದ್ದ. ವಿನಯವಂತ. ಕೂರುವ ಮೊದಲು ಕೂರಲೇ ಎಂದು ಕೇಳಿದ. ಈಗಿನ ಕಾಲದಲ್ಲಿ ಹಾಗೆ ಕೇಳುವವರು ಕಡಿಮೆ. ಅಮ್ಮ, ನೀವೇ ನ್ಯಾಯಾಧೀಶರಿದ್ದ ಹಾಗೆ ಎಂದ. ನೀವು ವಿಚಾರಿಸಿದಾಗ ಒಂದೇ ತಪ್ಪು ಎಂದು ತೀರ್ಮಾನವಾಗಿದೆ, ಅಷ್ಟನ್ನೇ ಕೋರ್ಟಿನಲ್ಲಿ ಹೇಳಿದರೆ ಸಾಕು, ಮತ್ತೆ ಮತ್ತೆ ಮಾಡಿದ ಎಂಬ ದೊಡ್ಡ ಕಲಂ ಬಿದ್ದುಹೋಗುತ್ತದೆ, ಆ ಒಂದನ್ನು ತಾನು ನೋಡಿಕೊಳ್ಳುತ್ತೇನೆ ಎಂದ. ಮಾರುಕಟ್ಟೆಯಲ್ಲಿ ತೂಕ ಇಳಿಸುವವನ ಹಾಗೆ ಕೈಯಲ್ಲೇ ತೋರಿಸಿದ.

ನಾನು ಸುಳ್ಳು ಹೇಳುವವಳಲ್ಲ ಎಂದೆ. ಸುಳ್ಳೆಲ್ಲಿ ಅಮ್ಮ, ಅದು ನಿಮ್ಮದೇ ತೀರ್ಪು ಎಂದ.

ಅದೂ ನಿಜವೇ. ಹೂಂ ಎಂದು ಕಳಿಸಿದೆ. ಹೊರಡುವಾಗ ಕಾಲಿಗೆ ತಾಗಿ ಸರಿದ ಕುರ್ಚಿಯನ್ನು ಸರಿಯಾಗಿ ಇಡದೆ ಹೋದ.

ಏಪ್ರಿಲ್ 6, ಭಾನುವಾರ

ಕೋರ್ಟಿನಲ್ಲಿ ದಿನಾಂಕ ಕೇಳುತ್ತಾರೆ, ಹೇಳಲು ಬರದಿದ್ದರೆ ಇವಳನ್ನು ಸುಳ್ಳಿ ಎನ್ನುತ್ತಾರೆ ಎಂದು ಯೋಚಿಸಿ ಗಿರಗಿಟ್ಲೆಯನ್ನು ಹತ್ತಿರ ಕೂರಿಸಿಕೊಂಡೆ. ಒಂದಾದರೂ ದಿನ ಹೇಳು, ಮಳೆ ಬಂದಿತ್ತಾ, ಯಾವ ಬಟ್ಟೆ ಹಾಕಿದ್ದೆ, ಶಾಲೆಯಲ್ಲಿ ಪರೀಕ್ಷೆ ಇತ್ತಾ ಎಂದು ಕೇಳಿದೆ. ಬಹಳ ಹೊತ್ತು ಯೋಚನೆ ಮಾಡಿದಳು. ಪಾಪ, ಪ್ರಯತ್ನ ಪಟ್ಟಳು.

"ಎಲ್ಲಾ ದಿನಾನೂ ಒಂದೇ ಥರ ಇತ್ತು ಅಜ್ಜಿ."

ಇನ್‌ಸ್ಪೆಕ್ಟರಿಗೆ ಫೋನು ಮಾಡಿದೆ. ಮಗುವಿಗೆ ನೆನಪಿಲ್ಲ, ಕೇಸು ಬಿದ್ದುಹೋಯಿತು ಎಂದೆ. ಅವಳು ಮೊದಲು, ಮಗುವನ್ನು ಇನ್ನು ಏನೂ ಕೇಳಬೇಡಿ ಎಂದು ಗದರಿದಳು. ನನ್ನನ್ನು ಗದರಿದಳು! ಆಮೇಲೆ ಹೇಳಿದಳು, ಮೇಲಿಂದ ಮೇಲೆ ಆದದ್ದಕ್ಕೆ ಕಾನೂನು ಮಗುವಿನಿಂದ ತಾರೀಖು ಕೇಳುವುದಿಲ್ಲವಂತೆ. ಎಲ್ಲಿ, ಯಾವ ಕಾಲದಿಂದ ಯಾವ ಕಾಲದವರೆಗೆ, ಯಾರು, ಏನು, ಅಷ್ಟು ಸಾಕು. ತಾರೀಖು ನೆನಪಿಡೋದು ಮಗುವಿನ ಕೆಲಸ ಅಲ್ಲ ಎಂದಳು.

ಅವರ ಕಾನೂನಿನಲ್ಲಿ ಈ ಒಂದು ಮಾತು ಪರವಾಗಿಲ್ಲ. ಯಾರೋ ಮಕ್ಕಳನ್ನು ಸಾಕಿದವರು ಬರೆದಿರಬೇಕು.

ನನಗಂತೂ ಎಲ್ಲ ನೆನಪಿದೆ. ಸೋಮವಾರ, ಬುಧವಾರ, ಶುಕ್ರವಾರ. ಪರೀಕ್ಷೆ ಹತ್ತಿರ ಬಂದರೆ ಮಂಗಳವಾರವೂ. ಶಾಲೆಯ ಚೀಲ ಇಳಿಸಿ, ಹಾಲು ಕುಡಿದು, ಬಾಗಿಲ ಹತ್ತಿರ ನಿಂತು ನನ್ನ ಮುಖ ನೋಡುತ್ತಿದ್ದಳು. ಹೋಗು ಎನ್ನುತ್ತಿದ್ದೆ.

ಏಪ್ರಿಲ್ 7

ಏನೂ ವಿಶೇಷವಿಲ್ಲ.

ಏಪ್ರಿಲ್ 8

ಗೋದಾಮಿನ ಮೇಲಿನ ಕೋಣೆಯ ಬೀಗದ ಕೈ ಇನ್ನೂ ಪೊಲೀಸರ ಹತ್ತಿರವೇ ಇದೆ. ಮುರಿದ ಕುರ್ಚಿಗಳನ್ನು ಇಡಲು ಜಾಗವಿಲ್ಲ ಎಂದು ಮಗ ಗೊಣಗಿದ. ತಲೆಯ ಮೇಲೆ ಇಟ್ಟುಕೋ ಎಂದೆ.

ಆಗಸ್ಟ್ 11, ಸೋಮವಾರ

ಕೋರ್ಟು. ಇಂದು ಗಿರಗಿಟ್ಲೆಯ ಸರದಿ, ನನ್ನದು ನಾಳೆ.

ಮಕ್ಕಳ ಕೋರ್ಟು ಎಂದು ಹೊರಗೆ ಬಣ್ಣದಲ್ಲಿ ಬರೆದಿದ್ದಾರೆ, ಒಳಗೆ ಒಂದು ಕುರ್ಚಿಯೂ ಮಕ್ಕಳಿಗೆ ಎಟುಕುವುದಿಲ್ಲ. ಕೂತರೆ ಕುಂಯ್ ಎನ್ನುತ್ತವೆ. ನಮ್ಮ ಅಂಗಡಿಯಿಂದ ಇಂಥದ್ದು ಹೊರಗೆ ಹೋದರೆ ನಾನು ಮುಖ ತೋರಿಸುತ್ತಿರಲಿಲ್ಲ. ಮಗು ಮತ್ತು ಆರೋಪಿಯ ನಡುವೆ ಪರದೆ ಇರಬೇಕೆಂದು ಕಾನೂನಂತೆ. ಪರದೆ ಇದೆ, ಮೊಳೆ ಇಲ್ಲ. ಒಬ್ಬ ಜವಾನ ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿದು ನಿಂತಿದ್ದ. ಅವನಿಗೆ ಸೀನು ಬಂದಾಗಲೆಲ್ಲ ನ್ಯಾಯ ಅಲುಗಾಡುತ್ತಿತ್ತು. ಮಗನನ್ನು ಓಡಿಸಿ ವ್ಯಾನಿನಿಂದ ಹಗ್ಗ ತರಿಸಿ ನಾನೇ ಕಟ್ಟಿದೆ. ನ್ಯಾಯಾಧೀಶೆ, ನನಗೆ ಮಗಳಾಗುವ ವಯಸ್ಸಿನವಳು, ಥ್ಯಾಂಕ್ಸ್ ಎಂದಳು. ಕರಿ ಕೋಟು ಬಿಚ್ಚಿಟ್ಟು ಬಂದಿದ್ದಳು.

ಕಾರಿಡಾರು ಒಂದೇ. ಮಗು ಆರೋಪಿಯ ಮುಖ ನೋಡಬಾರದು. ಅದಕ್ಕೆ ಅವರು ಕಂಡುಕೊಂಡ ಉಪಾಯ ಹೀಗೆ: ಮಗು ನೀರಿಗೋ ಶೌಚಕ್ಕೋ ಹೊರಬಂದರೆ ಗಂಟೆ ಹೊಡೆಯುತ್ತಾರೆ, ಕಾರಿಡಾರಿನಲ್ಲಿರುವವರೆಲ್ಲ ಗೋಡೆಗೆ ತಿರುಗಿ ನಿಲ್ಲಬೇಕು. ಆರೋಪಿ ಒಬ್ಬನೇ ತಿರುಗಿದರೆ ಸಾಲದೇ ಎಂದು ಕೇಳಿದೆ. ಯಾವನು ಆರೋಪಿ, ಯಾವನು ವಕೀಲ ಎಂದು ಗಡಿಬಿಡಿಯಲ್ಲಿ ಗೊತ್ತಾಗೋಲ್ಲ ಅಮ್ಮ, ಎಲ್ಲರೂ ತಿರುಗೋದೇ ವಾಸಿ ಎಂದ ಪೇದೆ.

ಗಂಟೆಯಾಯಿತು. ವಕೀಲರು, ಗುಮಾಸ್ತರು, ಚಹಾದವನು, ಎಲ್ಲರೂ ಗೋಡೆ ನೋಡಿದರು. ನಾನೂ ತಿರುಗಿದೆ. ಪಕ್ಕದಲ್ಲಿ ನಿಂತಿದ್ದವನು ತಮ್ಮ. ಬಹಳ ಇಳಿದುಹೋಗಿದ್ದಾನೆ. ಇಬ್ಬರೂ ಒಂದೇ ಗೋಡೆಗೆ ಮೂಗು ತಾಗಿಸಿ ನಿಂತೆವು. ನಮ್ಮ ಬೆನ್ನ ಹಿಂದೆ ಚಿಕ್ಕ ಚಪ್ಪಲಿಯ ಸದ್ದು ಹೋಯಿತು, ಸೊಸೆಯ ಚಪ್ಪಲಿಯ ಸದ್ದು ಜೊತೆಗೆ.

"ಅಕ್ಕ," ಎಂದ ಪಿಸುಗುಟ್ಟಿ. "ಒಂದೇ ಸಲ ಅಂತ ಹೇಳು. ನಿನ್ನ ಮಾತೇ ಮಾತು. ನಾನು ಹುಟ್ಟಿದಾಗ ಅಮ್ಮ ನನ್ನನ್ನ ನಿನ್ನ ಕೈಗೆ ಕೊಟ್ಟಿದ್ದಳಂತೆ."

ನಿಜ. ಕೊಟ್ಟಿದ್ದಳು. ಕೈ ಸೋಲುವಷ್ಟು ಹೊತ್ತು ಎತ್ತಿಕೊಂಡಿದ್ದೆ.

ಚಿಕ್ಕ ಚಪ್ಪಲಿ ವಾಪಸು ಬಂತು. ನಮ್ಮ ಹಿಂದೆ ಬರುವಾಗ ಓಡಿತು. ಗೋಡೆಗೆ ಹಳದಿ ಬಣ್ಣ ಬಳಿದಿದ್ದಾರೆ, ಒಂದೇ ಪದರ. ಕೆಳಗಿನ ಹಸಿರು ಕಾಣುತ್ತದೆ.

ಆಗಸ್ಟ್ 12, ಮಂಗಳವಾರ

ಕಟಕಟೆಯಲ್ಲಿ ಕುರ್ಚಿ ಇರಲಿಲ್ಲ. ಕೇಳಿದೆ, ತಂದರು. ಅದೂ ಕುಂಯ್ ಎಂದಿತು. ನಿಂತೇ ಹೇಳುತ್ತೇನೆ ಎಂದೆ.

ವಿನಯವಂತ ವಕೀಲ ಎದ್ದ. ಇವತ್ತು ಕೇಳದೆ ಹತ್ತಿರ ಬಂದ. ಅಮ್ಮ, ನೀವು ಮನೆಯಲ್ಲಿ ವಿಚಾರಣೆ ಮಾಡಿದ್ದು ನಿಜವೇ ಎಂದ. ನಿಜ ಎಂದೆ. ಒಂದೇ ತಪ್ಪು ಎಂದು ತೀರ್ಪು ಕೊಟ್ಟದ್ದು ನಿಜವೇ ಎಂದ. ನಿಜ. ಅದಕ್ಕೆ ಮುಂಚೆ ನಿಮ್ಮ ತೀರ್ಪನ್ನು ಆ ಮನೆಯಲ್ಲಿ ಯಾರಾದರೂ ಎಂದಾದರೂ ಪ್ರಶ್ನಿಸಿದ್ದರೇ ಎಂದ. ಇಲ್ಲ ಎಂದೆ. ಅವನು ನ್ಯಾಯಾಧೀಶೆಯ ಕಡೆ ತಿರುಗಿ ನಕ್ಕ. ಕೂರಲು ಹೊರಟ.

"ಆ ತೀರ್ಪು ರದ್ದಾಗಿದೆ," ಎಂದೆ.

ಅವನು ಅರ್ಧ ಕೂತವನು ಎದ್ದ. "ಯಾರು ರದ್ದು ಮಾಡಿದ್ದು?"

"ಕೊಟ್ಟವಳೇ. ಆರೋಪಿ ನನ್ನ ತಮ್ಮ. ನಾನು ಆ ಜಾಗದಲ್ಲಿ ಕೂರಬಾರದಾಗಿತ್ತು."

ಯಾವಾಗ ರದ್ದಾಯಿತು, ಯಾರಿಗೆ ತಿಳಿಸಿದಿರಿ ಎಂದು ಏನೇನೋ ಕೇಳಿದ. ಈಗ ನಿಮಗೆ ತಿಳಿಸುತ್ತಿದ್ದೇನಲ್ಲ ಎಂದೆ. ಯಾರೋ ಹಿಂದೆ ನಕ್ಕರು. ಅವನಿಗೆ ಸಿಟ್ಟು ಬಂತು. ಹಾಗಾದರೆ ನೀವು ನೋಡಿದ್ದೀರಾ? ಎಷ್ಟು ಸಲ ಎಂದು ಹೇಳಿ ನೋಡೋಣ ಎಂದ.

"ನೋಡಿಲ್ಲ. ಮಗು ಹೊಟ್ಟೆನೋವು ಅನ್ನೋದು, ನಾನು ಹೋಗು ಅನ್ನೋದು. ನಾನು ಎಷ್ಟು ಸಲ ಕಳಿಸಿದೆನೋ ಅಷ್ಟು ಸಲ ಆ ಕೋಣೆಗೆ ಹೋಗಿದ್ದಾಳೆ. ವಾರ ಹೇಳ್ತೀನಿ, ಬರ್ಕೊಳ್ಳಿ."

ಹೇಳಿದೆ. ಟೈಪು ಮಾಡುವವಳ ಕೈ ಓಡಲಿಲ್ಲ. ನಿಧಾನಕ್ಕೆ ಮಾಡು ತಾಯಿ, ನಾನೆಲ್ಲಿಗೂ ಹೋಗುವುದಿಲ್ಲ ಎಂದೆ. ನ್ಯಾಯಾಧೀಶೆ ಮಧ್ಯೆ ತಡೆದು, ಈ ಮಾತು ಗೊತ್ತಿದ್ದೂ ತಿಳಿಸಲಿಲ್ಲವೆಂದು ನಿಮ್ಮ ಮೇಲಿರುವ ಕೇಸಿನಲ್ಲಿ ನಿಮಗೇ ತಿರುಗಿ ಬರಬಹುದು, ಗೊತ್ತಿದೆಯಾ ಎಂದಳು. ಗೊತ್ತಿದೆ, ಅದು ಚಿಲ್ಲರೆ ಕಲಂ ಎಂದೆ. ಅವಳು ಕನ್ನಡಕ ತೆಗೆದು ಒರೆಸಿಕೊಂಡಳು.

ತಮ್ಮ ನಾನು ನಿನ್ನೆ ಕಟ್ಟಿದ ಪರದೆಯ ಆಚೆ ಇದ್ದ. ಕಿವಿ ಕಾಣಲಿಲ್ಲ.

ವ್ಯಾನಿನಲ್ಲಿ ಬರುವಾಗ ಮುಂದಿನ ಸೀಟು ಸೊಸೆಗೆ ಕೊಟ್ಟೆ. ಬಿಸಿಲಿತ್ತು, ಅದಕ್ಕೆ.

ನವೆಂಬರ್ 3, ಸೋಮವಾರ

ತೀರ್ಪಾಯಿತು. ಮತ್ತೆ ಮತ್ತೆ ಮಾಡಿದ್ದು ಎಂಬ ದೊಡ್ಡ ಕಲಂ ನಿಂತಿತು. ತಮ್ಮ ಬಹಳ ವರ್ಷ ಒಳಗಿರುತ್ತಾನೆ. ಅವನು ಹೊರಬರುವ ದಿನ ನಾನಿರುವುದಿಲ್ಲ. ಊಟ ಸೇರಲಿಲ್ಲ. ಯಾರೂ ಬಲವಂತ ಮಾಡಲಿಲ್ಲ, ಅದು ಒಳ್ಳೆಯದಾಯಿತು.

ನನ್ನ ಕೇಸು ಮುಂದಿನ ತಿಂಗಳು. ಜೊತೆಗೆ ಯಾರು ಬರುತ್ತಾರೆ ಎಂದು ಮಗ ಕೇಳಿದ. ಅವನ ಹೆಂಡತಿ, ನಾನು ಬರ್ತೀನಿ ಎಂದಳು. ಬೇಡ ಎನ್ನಲು ಕಾರಣ ಹೊಳೆಯಲಿಲ್ಲ.

ನವೆಂಬರ್ 9, ಭಾನುವಾರ

ಸೊಸೆ ಬಡಗಿಯನ್ನು ಕರೆಸಿ ಗಿರಗಿಟ್ಲೆಯ ಕೋಣೆಗೆ ಒಳಗಿನಿಂದ ಚಿಲಕ ಹಾಕಿಸಿದ್ದಾಳೆ, ಮಗುವಿನ ಕೈಗೆ ಎಟುಕುವಷ್ಟು ಕೆಳಗೆ. ಬಡಗಿ ಇಷ್ಟು ಕೆಳಗೆ ಯಾರೂ ಹಾಕಿಸುವುದಿಲ್ಲ ಎಂದ. ಹೇಳಿದಷ್ಟು ಮಾಡು ಎಂದೆ.

ಮಧ್ಯಾಹ್ನ ಹಣ್ಣು ಹೆಚ್ಚಿ ತೆಗೆದುಕೊಂಡು ಹೋದೆ. ಚಿಲಕ ಹಾಕಿತ್ತು. ತಟ್ಟಿದೆ. ಹೊಸ ಮರ, ಬೆರಳು ನೋಯುತ್ತದೆ.

"ಯಾರು?"

"ನಾನು, ಅಜ್ಜಿ. ಹಣ್ಣು ತಂದಿದ್ದೀನಿ."

ಒಳಗೆ ಯೋಚನೆ ಮಾಡುವ ಸದ್ದು.

"ಈಗ ಬೇಡ. ಆಮೇಲೆ ಬಾ."

ಸರಿ ಎಂದೆ. ತಟ್ಟೆ ಮುಚ್ಚಿಟ್ಟು, ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಅಲ್ಲೇ ಇದನ್ನು ಬರೆಯುತ್ತಿದ್ದೇನೆ. ಇನ್ನೂ ಕರೆದಿಲ್ಲ.